ಹತ್ತನೆಯವರು ಬರುವ ತನಕ

ಮೇಘಾ, ತಾರಾ, ಇದು ನಿಮ್ಮಿಬ್ಬರಿಗೂ ಬರೆದದ್ದು. ಮೇಘಾ, ನಿನಗೆ ಕನ್ನಡ ಓದಲು ಬರುತ್ತದೆ, ಆದ್ದರಿಂದ ಓದುವ ಕೆಲಸ ನಿನ್ನದು. ತಾರಾ, ಅಮೆರಿಕದಲ್ಲಿ ಹುಟ್ಟಿದ ನಿನಗೆ ಕೇಳಿದರೆ ಎಲ್ಲಾ ತಿಳಿಯುತ್ತದೆ, ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತೀ. ಅಕ್ಕ ಫೋನಿನಲ್ಲಿ ಓದಿ ಹೇಳುವಾಗ ನಡುವೆ ಎದ್ದು ಓಡಬೇಡ.

ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ನಾಲ್ಕು ಜನ ಕೂತಲ್ಲಿ ನನಗೆ ಬಾಯಿ ಏಳುವುದಿಲ್ಲ. ಅಮೆರಿಕದಲ್ಲಿ ಮಗಳು ವೀಣಾಳ ಮನೆಯಲ್ಲಿ ಐದು ತಿಂಗಳಿದ್ದು ಗದಗಿಗೆ ಮರಳಿದಾಗ ಓಣಿಯವರೆಲ್ಲ ಬಂದು, "ಏನೇನು ನೋಡಿ ಬಂದ್ರಿ, ಸುಭದ್ರಾಬಾಯಿ?" ಎಂದು ಕೇಳಿದರು. "ಛಲೋ ಇತ್ರಿ" ಎಂದಷ್ಟೇ ಹೇಳಿ ಚಹಾ ಮಾಡಲು ಎದ್ದುಬಿಟ್ಟೆ. ಹಿಮದ ಬೆಟ್ಟ, ವಿಮಾನ ಕಟ್ಟುವ ಕಾರಖಾನೆ, ಎತ್ತರದ ಗೋಪುರ ಎಲ್ಲವನ್ನೂ ನೋಡಿದ್ದೇನೆ. ಅವುಗಳ ಫೋಟೋ ಇವೆ, ನೋಡಿಕೊಳ್ಳಿ. ಫೋಟೋ ಇಲ್ಲದ ದಿನ ಒಂದಿದೆ. ಅದನ್ನು ಬರೆಯುತ್ತೇನೆ.

ಮಿಲ್ ಕ್ರೀಕ್: ಕಟ್ಟಿಗೆಯ ಮನೆ

ವೀಣಾಳ ಮನೆ ಇರುವುದು ಮಿಲ್ ಕ್ರೀಕ್ ಎಂಬ ಊರಿನಲ್ಲಿ. ಊರು ಎಂದರೆ ನಮ್ಮ ಹಾಗೆ ಅಗಸಿಬಾಗಿಲು, ಸಂತೆ, ಬಸ್‌ಸ್ಟ್ಯಾಂಡು ಇರುವ ಊರಲ್ಲ. ದೊಡ್ಡ ದೊಡ್ಡ ಗಿಡಗಳ ನಡುವೆ ಒಂದೇ ಅಚ್ಚಿನಲ್ಲಿ ಒತ್ತಿದಂಥ ಮನೆಗಳು. ಬೆಳಗಾದರೆ ಎಲ್ಲರೂ ಕಾರು ಹತ್ತಿ ಹೋಗುತ್ತಾರೆ, ಆಮೇಲೆ ಓಣಿಯಲ್ಲಿ ಉಳಿಯುವುದು ಕಾಗೆ ಮತ್ತು ನಾನು. ಅಲ್ಲಿಯ ಮಳೆಗೆ ಸಿಟ್ಟೇ ಇಲ್ಲ. ನಮ್ಮಲ್ಲಿ ಮಳೆ ಬಂದರೆ ಬಂತು, ಹೋದರೆ ಹೋಯಿತು. ಅಲ್ಲಿ ಅದು ಮನೆಗೆ ಬಂದ ನೆಂಟರು ಎದ್ದೇಳದೆ ಕೂತ ಹಾಗೆ, ಸಣ್ಣಗೆ, ದಿನವಿಡೀ ಇರುತ್ತದೆ. ಯಾರೂ ಕೊಡೆ ಹಿಡಿಯುವುದಿಲ್ಲ. ನಾನು ಕೊಡೆ ಹಿಡಿದು ಓಣಿಯ ತುದಿಯವರೆಗೆ ಹೋದರೆ ನಾಯಿ ಹಿಡಿದು ಬರುವವರೆಲ್ಲ ನಕ್ಕು ಕೈಯೆತ್ತುತ್ತಾರೆ. ಗುರುತಿಲ್ಲದವರು ಹೀಗೆ ನಕ್ಕರೆ ಏನು ಮಾಡಬೇಕೆಂದು ತಿಳಿಯದೆ ಮೊದಲ ವಾರ ನಾನು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಡೆದೆ.

ಹೋದ ಮರುದಿನವೇ ಅಳಿಯ ಗಿರೀಶ ಒಂದು ಮಾತು ಹೇಳಿದ. ಅವನು ಮೈಸೂರಿನವನು, ಮೆತ್ತಗೆ ಮಾತಾಡುತ್ತಾನೆ. "ಅತ್ತೆ, ಇಲ್ಲಿ ಮನೆ ಎಲ್ಲಾ ಮರದ್ದು. ದೇವರ ದೀಪ ಹಚ್ಚಿ, ಬೇಡ ಅನ್ನಲ್ಲ. ಆದ್ರೆ ಹಾಗೇ ಬಿಟ್ಟು ಹೋಗ್ಬೇಡಿ. ಅಲಾರಂ ಹೊಡ್ಕೊಂಡ್ರೆ ಫೈರ್ ಇಂಜಿನ್ ಬಂದು ಮನೆ ಮುಂದೆ ನಿಂತ್ಬಿಡುತ್ತೆ."

ಈ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಅದರಿಂದಲೇ ಮುಂದೆ ಒಂದು ಅನಾಹುತವಾಯಿತು.

ಅದಕ್ಕೆ ಮೊದಲು ಇನ್ನೊಂದು ವಿಷಯ ಹೇಳಬೇಕು. ಇದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ನಿಮ್ಮ ಅಜ್ಜ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ನಮಗೆ ಮೇಘಾಳ ತಾಯಿ ಶೈಲಾ, ತಾರಾಳ ತಾಯಿ ವೀಣಾ, ಇಬ್ಬರೇ ಮಕ್ಕಳು, ಗಂಡುಮಕ್ಕಳಿಲ್ಲ. ಅಜ್ಜ ತೀರಿಕೊಂಡ ದಿನ ವೀಣಾ ರಜೆಯ ಮೇಲೆ ಊರಲ್ಲೇ ಇದ್ದಳು. ಹೊರಡುವ ಹೊತ್ತಿಗೆ ಅವಳು, "ಬೆಂಕಿ ನಾ ಹಿಡೀತೀನಿ, ನಾ ಹೋಗ್ತೀನಿ" ಎಂದು ಹೊಸ್ತಿಲು ದಾಟಲು ಬಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಏನಾದರೂ ಅನ್ನುವ ಮೊದಲೇ ಅವಳ ಕೈ ಹಿಡಿದು ಹಿಂದಕ್ಕೆ ಎಳೆದವಳು ನಾನು. ಅಜ್ಜನ ಅಣ್ಣನ ಮಗ ರಾಘು ಬೆಂಕಿ ಹಿಡಿದ. ಆಮೇಲೆ ಪ್ರತಿವರ್ಷ ತಿಥಿಯನ್ನೂ ಅವನೇ ಮಾಡಿದ. ವೀಣಾ ನನ್ನ ಜೊತೆ ಜಗಳ ಮಾಡಲಿಲ್ಲ. ಕಾಳಜಿಯಿಂದ ಮಾತಾಡಿಸುತ್ತಾಳೆ, ಬೇಕಾದ್ದು ತಂದುಕೊಡುತ್ತಾಳೆ. ಆದರೆ ಆ ದಿನದಿಂದ ಒಮ್ಮೆಯೂ ನನ್ನೆದುರು ಅಪ್ಪನ ಮಾತೆತ್ತಲಿಲ್ಲ.

ನಾನು ಅಮೆರಿಕಕ್ಕೆ ಹೋಗಿದ್ದ ವರ್ಷ ಕಾರ್ತೀಕದಲ್ಲಿ ರಾಘುವಿನ ಫೋನು ಬಂತು. ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. "ಕಾಕೂ, ನನಗ ಕೆಳಗ ಕೂಡ್ರಲಿಕ್ಕೆ ಆಗೂದಿಲ್ಲ. ಈ ವರ್ಷ ತಿಥಿ ಬಿಟ್ಟುಬಿಡೂಣು. ಮಠದಾಗ ಒಂದು ಸಂಕಲ್ಪ ಮಾಡಿಸಿಬಿಡ್ತೀನಿ."

ಫೋನು ಕೇಳಿಸಿಕೊಂಡಿದ್ದ ವೀಣಾ ಅನ್ನ ಬಡಿಸುವುದನ್ನು ನಿಲ್ಲಿಸಿದಳು. "ಬಿಡೂದ್ಯಾಕ? ನಾ ಮಾಡ್ತೀನಿ."

"ಹೆಣ್ಣುಮಕ್ಕಳು ಮಾಡೂ ಪದ್ಧತಿ ಇಲ್ಲ, ವೀಣಾ."

"ಯಾರ ಪದ್ಧತಿ, ಅವ್ವಾ?"

ಅವಳು ಸಾರಿನ ಪಾತ್ರೆ ನನ್ನ ಹತ್ತಿರ ಸರಿಸಿ ಒಳಗೆ ಹೋದಳು. ತಿಥಿಗೆ ಇನ್ನು ಹನ್ನೊಂದು ದಿನವಿತ್ತು.

ಅದೇ ಓಣಿ: ಮಿರಿಯಮ್ಮನ ಮನೆ

ಮೂರು ಮನೆ ಆಚೆ ಮಿರಿಯಮ್ ಎಂಬ ಹೆಂಗಸು ಇದ್ದರು. ಎಪ್ಪತ್ತರ ಆಸುಪಾಸು, ನನ್ನ ಹಾಗೆಯೇ ಗಂಡ ಇಲ್ಲದವರು. ವಿಮಾನದ ಕಾರಖಾನೆಯಲ್ಲಿ ತಂತಿ ಜೋಡಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಯಹೂದಿ ಧರ್ಮದವರು. ಕೊಡೆಯ ಹಿಂದೆ ಅಡಗಿದ್ದ ನನ್ನನ್ನು ಒಂದು ದಿನ ಕೊಡೆಯೊಳಗೆ ಬಗ್ಗಿ ನೋಡಿ ಮಾತಾಡಿಸಿದವರು ಅವರೇ. ನಾನು ಅವರನ್ನು ಮಿರಿಯಮ್ಮ ಎಂದೇ ಕರೆದೆ. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅವರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಆದರೂ ದಿನಾ ಬೆಳಿಗ್ಗೆ ಅವರ ಅಡಿಗೆಮನೆಯಲ್ಲಿ ಎರಡು ತಾಸು ಕೂತಿರುತ್ತಿದ್ದೆವು. ಅವರು ಉಲ್ಲನ್ ಹೆಣೆಯುತ್ತಿದ್ದರು, ನಾನು ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದೆ. ಅವರು ಮಾತಾಡಿದ್ದನ್ನೆಲ್ಲ ಆಮೇಲೆ ವೀಣಾಳೇ ನನಗೆ ಬಿಡಿಸಿ ಹೇಳುತ್ತಿದ್ದಳು. ಹೀಗಾಗಿ ನನ್ನ ನೆನಪಿನಲ್ಲಿ ಮಿರಿಯಮ್ಮ ನಮ್ಮ ಕಡೆಯವರ ಹಾಗೆಯೇ ಮಾತಾಡುತ್ತಾರೆ. ನಾನು ಹಾಗೆಯೇ ಬರೆಯುತ್ತೇನೆ, ನಗಬೇಡಿ.

ರಾಘುವಿನ ಫೋನು ಬಂದ ಮೇಲೆ ಒಂದು ದಿನ ಹೋದಾಗ ಒಲೆಯ ಪಕ್ಕದಲ್ಲಿ ಗಾಜಿನ ಲೋಟದೊಳಗೆ ಒಂದು ಮೇಣದ ದೀಪ ಉರಿಯುತ್ತಿತ್ತು. ಹಗಲು ಹೊತ್ತು. ಮಿರಿಯಮ್ಮ ಏನೋ ಅವಸರದಲ್ಲಿದ್ದರು. ಕೈಸನ್ನೆಯಿಂದ ಕೂಡ್ರು ಎಂದು ಹೇಳಿ, ಚೀಲ ತೆಗೆದುಕೊಂಡು ಕಾರು ಹತ್ತಿ ಅಂಗಡಿಗೆ ಹೋದರು. ನಾನು ದೀಪವನ್ನು ನೋಡಿದೆ. ಗೋಡೆ ಕಟ್ಟಿಗೆಯದು, ಕಪಾಟು ಕಟ್ಟಿಗೆಯದು, ನೆಲ ಕಟ್ಟಿಗೆಯದು. ಗಿರೀಶನ ಮಾತು ನೆನಪಾಯಿತು. ಪಾಪ, ವಯಸ್ಸಾದವರು, ಆರಿಸುವುದನ್ನು ಮರೆತು ಹೋಗಿದ್ದಾರೆ ಅಂದುಕೊಂಡೆ.

ನಮ್ಮ ಮನೆಯಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲವೆಂದು ನಿಮಗೆ ಗೊತ್ತು. ಮೇಜಿನ ಮೇಲಿನ ಹೂಜಿಯಲ್ಲಿ ಬಿಳಿ ಸೇವಂತಿಗೆಯಂಥ ಹೂವಿದ್ದವು. ಒಂದು ಹೂ ತೆಗೆದು, ಹಾಲಿನಲ್ಲಿ ಅದ್ದಿ, ಕುಡಿಯ ಮೇಲಿಟ್ಟು ದೀಪವನ್ನು ಶಾಂತ ಮಾಡಿದೆ. ಕೈಮುಗಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಬತ್ತಿ ಹೊಸೆಯುತ್ತ ಕೂತೆ.

ಮಿರಿಯಮ್ಮ ಬಂದವರು ಲೋಟ ನೋಡಿ ಬಾಗಿಲಲ್ಲೇ ನಿಂತರು. ಮುಖ ಬಿಳಿಚಿಕೊಂಡಿತು. ಕೈಯ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು. ಏನೋ ಘಾತವಾಯಿತೆಂದು ನನಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಅವರು ವೀಣಾಳ ಆಫೀಸಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

"ಅವ್ವಾ, ಏನ್ ಮಾಡಿದಿ?" ವೀಣಾಳ ದನಿ. "ಅದು ಅವರ ಅಪ್ಪನ ತಿಥಿ ದೀಪ. ನಿನ್ನೆ ಸಂಜೀಕ ಹಚ್ಚಿದ್ದು. ಇವತ್ತು ಹೊತ್ತು ಮುಳುಗೂ ತನಕ ಉರೀಬೇಕು. ಅದನ್ನ ಯಾರೂ ಆರಸೂದಿಲ್ಲ."

ಭೂಮಿ ಬಾಯಿ ತೆರೆದರೆ ಇಳಿದುಬಿಡುತ್ತಿದ್ದೆ. ಮತ್ತೊಬ್ಬರ ತಂದೆಯ ದೀಪವನ್ನು ಆರಿಸಿದ್ದೆ! ಅಳುತ್ತ, ಹೂವಿನಿಂದ ಆರಿಸಿದ್ದು, ಊದಲಿಲ್ಲ, ನಮಸ್ಕಾರ ಮಾಡಿದೆ ಎಂದೆಲ್ಲ ವೀಣಾಳಿಗೆ ಹೇಳಿದೆ. ಅವಳು ಅದನ್ನು ಅವರಿಗೆ ಹೇಳಿದಳು. ಮಿರಿಯಮ್ಮ ಫೋನು ಕಿವಿಗಿಟ್ಟುಕೊಂಡು ಲೋಟದೊಳಗೆ ಇಣುಕಿದರು. ಒದ್ದೆ ಹೂವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. ಆಮೇಲೆ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಬತ್ತಿಯನ್ನು ಒಣಗಿಸಿ, ಕಡ್ಡಿಪೆಟ್ಟಿಗೆ ನನ್ನ ಕೈಗಿತ್ತು ನನ್ನಿಂದಲೇ ಮತ್ತೆ ಹಚ್ಚಿಸಿದರು.

"ಅಪ್ಪಗ ಇಷ್ಟು ಮರ್ಯಾದಿಂದ ಯಾರೂ ಸುಮ್ಮನ ಕೂಡ್ರು ಅಂದಿದ್ದಿಲ್ಲ, ಅಂತಾರ" ಎಂದು ವೀಣಾ ಫೋನಿನಲ್ಲಿ ಹೇಳಿದಳು.

ಮಧ್ಯಾಹ್ನ ವೀಣಾ ಅರ್ಧ ರಜೆ ಹಾಕಿ ಬಂದಳು. ಮೂವರೂ ಅದೇ ಮೇಜಿನ ಸುತ್ತ ಕೂತೆವು. ಅಂದು ನನಗೆ ತಿಳಿದದ್ದು ಕೇಳಿ: ಅವರೂ ತಿಥಿಯನ್ನು ಇಂಗ್ಲಿಷ್ ತಾರೀಖಿನಿಂದ ಹಿಡಿಯುವುದಿಲ್ಲ. ಅವರದ್ದೂ ಚಂದ್ರನ ಲೆಕ್ಕ. ಅವರಿಗೂ ಅಧಿಕಮಾಸ ಇದೆ! ನಾನು ಓಡಿ ಹೋಗಿ ನನ್ನ ಪಂಚಾಂಗ ತಂದೆ. ಅವರು ತಮ್ಮ ಕ್ಯಾಲೆಂಡರ್ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಭಾಷೆ ತಿಳಿಯದಿದ್ದರೂ, ಹುಣ್ಣಿಮೆಗಳನ್ನು ಬೆರಳಿಟ್ಟು ಹೊಂದಿಸಿದೆವು.

ಆಮೇಲೆ ಅವರು ತಮ್ಮ ಕಥೆ ಹೇಳಿದರು. ಅವರ ತಂದೆ ತೀರಿಕೊಂಡಾಗ ಅವರಿಗೆ ಹತ್ತೊಂಬತ್ತು ವರ್ಷ. ಆಗ ಇದ್ದದ್ದು ಬೆಟ್ಟದ ಆಚೆಯ, ಸೇಬಿನ ತೋಟಗಳ ಊರಲ್ಲಿ. ಸತ್ತವರಿಗಾಗಿ ಮಕ್ಕಳು ಹೇಳುವ ಒಂದು ಪ್ರಾರ್ಥನೆ ಅವರಲ್ಲಿ ಇದೆ. ಅದರಲ್ಲಿ ಸಾವಿನ ಮಾತೇ ಇಲ್ಲವಂತೆ, ಬರೀ ದೇವರ ಸ್ತುತಿ. ಆದರೆ ಅದನ್ನು ಒಬ್ಬರೇ ಹೇಳುವಂತಿಲ್ಲ, ಹತ್ತು ಜನ ಸೇರಿರಬೇಕು. ಹಳೆಯ ಪದ್ಧತಿಯಲ್ಲಿ ಹತ್ತು ಜನವೆಂದರೆ ಹತ್ತು ಗಂಡಸರು. ಆ ಊರಲ್ಲಿ ಯಹೂದಿಗಳೇ ಕಡಿಮೆ. ಅವರ ಅಣ್ಣನೂ ಸೇರಿ ಒಂಬತ್ತು ಗಂಡಸರು ಕೂಡಿದ್ದರು. ಹತ್ತನೆಯವರು ಬರುವ ದಾರಿಯಲ್ಲಿ ಹಿಮ ಬಿದ್ದು ಬೆಟ್ಟದ ಘಾಟು ಮುಚ್ಚಿತು.

"ಸಂಜೀ ತನಕ ಕಾದ್ರು" ಎಂದರು ಮಿರಿಯಮ್ಮ. "ನಾನು, ಅವ್ವ, ತಂಗಿ, ಮೂವರೂ ಅದೇ ಖೋಲ್ಯಾಗ ಗ್ವಾಡಿಗೆ ನಿಂತಿದ್ವಿ. ಹನ್ನೆರಡು ಮಂದಿ ಇದ್ವಿ. ಒಂಬತ್ತು ಅಂತ ಲೆಕ್ಕ ಹಾಕಿ ಎಲ್ಲಾರೂ ಎದ್ದು ಹೋದ್ರು."

ವೀಣಾ ಇದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲೆ ಬಿದ್ದ ಹತ್ತಿಯ ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಈಗ ಮಿರಿಯಮ್ಮ ಹೋಗುವ ಸಭೆಯಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಅಂದು ಮಧ್ಯಾಹ್ನ ಹೊತ್ತು ಮುಳುಗುವ ಮೊದಲು ಅಪ್ಪನಿಗಾಗಿ ಆ ಪ್ರಾರ್ಥನೆ ಹೇಳಲು ಅವರು ಎಲ್ಲರಿಗೂ ಫೋನು ಮಾಡಿದ್ದರು. ಇಬ್ಬರಿಗೆ ಜ್ವರ, ಒಬ್ಬರು ಪರವೂರಿನಲ್ಲಿ. ಒಂಬತ್ತಾಗಿತ್ತು. ಹತ್ತನೆಯವರು ಅವರ ಅಣ್ಣ ಸಾಲ್. ಅವರು ಹಡಗಿನಲ್ಲಿ ದಾಟಬೇಕಾದ ಒಂದು ದ್ವೀಪದಲ್ಲಿ ಇರುತ್ತಾರೆ, ಹಳೆಯ ಪದ್ಧತಿಯವರು, ಹೆಂಗಸರನ್ನು ಎಣಿಸುವ ಸಭೆಗೆ ಈ ತನಕ ಕಾಲಿಟ್ಟವರಲ್ಲ. ಪ್ರತಿವರ್ಷ ಸಿಯಾಟಲ್ಲಿನ ಹಳೆಯ ಮಂದಿರಕ್ಕೆ ತಾವೇ ಕಾರು ನಡೆಸಿಕೊಂಡು ಹೋಗುತ್ತಿದ್ದರು. ಈ ವರ್ಷ ಕಣ್ಣಿನ ಆಪರೇಷನ್ ಆಗಿ ಕಾರು ನಡೆಸುವಂತಿಲ್ಲ.

"ಬರ್ತಾರೇನು?" ಎಂದು ವೀಣಾ ಕೇಳಿದಳು.

"ಊಟಕ್ಕ ಬರ್ತೀನಿ ಅಂದಾನ. ಉಳಿದದ್ದು ನೋಡೂಣು ಅಂದಾನ."

ಮುಕಿಲ್ಟಿಯೊ: ಹಡಗುಕಟ್ಟೆ

ಮುಕಿಲ್ಟಿಯೊ ಸಮುದ್ರದ ದಂಡೆಯ ಊರು. ಸಾಲ್ ಅವರನ್ನು ಕರೆತರಲು ಮೂವರೂ ಕಾರಿನಲ್ಲಿ ಅಲ್ಲಿಗೆ ಹೋದೆವು. ಅಲ್ಲಿ ಹಡಗಿನೊಳಗೆ ಕಾರುಗಳೇ ನಡೆದು ಹೋಗುತ್ತವೆ. ಜನ ಸಮುದ್ರ ದಾಟುತ್ತಿರುವಾಗಲೂ ಕಾರಿನೊಳಗೇ ಕೂತು ಪೇಪರ್ ಓದುತ್ತಾರಂತೆ. ಮಲಪ್ರಭೆ ದಾಟುವಾಗ ನಮ್ಮ ಜನ ನೀರಿಗೆ ಕೈಮುಗಿಯುತ್ತಾರೆ, ಎಳೆಯರಿಗೆ ನೀರು ತೋರಿಸುತ್ತಾರೆ. ಇಲ್ಲಿ ಅಷ್ಟು ದೊಡ್ಡ ನೀರನ್ನು ಯಾರೂ ಮಾತಾಡಿಸುವವರಿಲ್ಲವಲ್ಲ ಎಂದು ನಾನೇ ಕಾರಿನೊಳಗಿಂದ ಕೈಮುಗಿದೆ.

ಮೂರಕ್ಕೆ ಬರಬೇಕಾದ ಹಡಗು ಮಂಜಿನಿಂದ ತಡವಾಯಿತು. ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಸೂರ್ಯ ಕಾಣುವುದೇ ಇಲ್ಲ, ಎಲ್ಲಾ ಬೂದಿ ಬಣ್ಣ, ಆದರೂ ಮುಳುಗುವುದು ಮುಳುಗುವುದೇ. ಮಿರಿಯಮ್ಮ ಗಡಿಯಾರ ನೋಡದಿರಲೆಂದು ವೀಣಾ ಅವರನ್ನು ಮಾತಿಗೆಳೆದಳು. ಅವರ ಸಭೆಯಲ್ಲಿ ಏನೇನು ಮಾಡುತ್ತಾರೆ ಎಂದು ಕೇಳಿದಳು.

"ಹಾಡ್ತೀವಿ, ಜಗಳಾಡ್ತೀವಿ, ಉಣ್ತೀವಿ" ಎಂದರು ಅವರು. ಆಮೇಲೆ ಒಂದು ವಿಷಯ ಹೇಳಿದರು. ಕೆಲವು ವರ್ಷದ ಹಿಂದೆ, ದೇಶದಲ್ಲಿ ಮುಸಲ್ಮಾನರ ಮೇಲೆ ಜನ ಸಿಟ್ಟಾಗಿದ್ದಾಗ, ಇವರ ಸಭೆಯ ಏಳೆಂಟು ಜನ ಶುಕ್ರವಾರ ಹೋಗಿ ಒಂದು ಮಸೀದಿಯ ಬಾಗಿಲ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ, ಒಳಗೆ ನಮಾಜು ಮುಗಿಯುವ ತನಕ.

"ಹೆದರಿಕಿ ಆಗಲಿಲ್ಲೇನು?"

"ಆಗಿತ್ತು. ಕೈ ಸುಮ್ಮನಿರಬಾರದು ಅಂತ ಹೆಣಕೋತ ಕೂತೆ. ನಾಕು ಶುಕ್ರವಾರದಾಗ ಒಂದು ಸ್ವೆಟರ್ ಮುಗೀತು. ಅಲ್ಲೇ ಒಂದು ಹುಡುಗಿಗೆ ತೊಡಿಸಿ ಬಂದೆ." ಸ್ವಲ್ಪ ತಡೆದು ಅಂದರು: "ನಮ್ಮ ಜನಾನ್ನ ಎಷ್ಟೋ ಬಾಗಿಲದಿಂದ ಹೊರಗ ದಬ್ಬಿದಾರ. ಅದಕ್ಕ, ಬಾಗಿಲದಾಗ ಯಾರರ ನಿಂತಿದ್ರ ಅವರ ಕಡೆ ನಿಂದ್ರೂದು ನಮಗ ದೇವರ ಕೆಲಸ. ದಯಾ ಅಲ್ಲ, ನ್ಯಾಯ."

ವೀಣಾ ಇದನ್ನು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಕಾರಿನ ಕಿಟಕಿಯಾಚೆ ನೋಡಿದೆ. ಮಂಜಿನೊಳಗಿಂದ ಹಡಗು ಕೂಗಿತು.

ಸಾಲ್ ಎತ್ತರದ ಮನುಷ್ಯ. ಕೈಯಲ್ಲಿ ಬಡಿಗೆ, ಕಪ್ಪು ಕನ್ನಡಕ, ತಲೆಯ ಮೇಲೆ ಟೊಪ್ಪಿಗೆ. ಕಾರು ಹತ್ತುತ್ತಲೇ ತಂಗಿಯನ್ನು ಕೆಣಕಿದರು. ವೀಣಾ ನನ್ನ ಕಿವಿಯಲ್ಲಿ ಹೇಳುತ್ತಾ ಬಂದಳು.

"ಎಷ್ಟು ಮಂದಿ ಕೂಡೀರಿ?"

"ನೀ ಕೂತರ ಹತ್ತು."

"ನಿಮ್ಮಲ್ಲಿ ಹತ್ತು ಅಂದ್ರ ನಮ್ಮ ಲೆಕ್ಕದಾಗ ನಾಕು."

"ನಿಮ್ಮ ಲೆಕ್ಕದಾಗ ಹಡೆದ ತಾಯೀನೂ ಇಲ್ಲಲ್ಲೋ!"

"ಮಿರಿಯಮ್, ನಾ ಊಟಕ್ಕ ಬಂದೀನಿ."

"ಹಿಟ್ಟು ನಾದಿದಾಕಿನ್ನ ಬಿಟ್ಟು ರೊಟ್ಟಿ ಎಣಸವ್ರು ನೀವು!"

ಅಲ್ಲಿಂದ ಮುಂದೆ ಗಾಜಿನ ಮೇಲೆ ನೀರು ಒರೆಸುವ ಕಡ್ಡಿ ಮಾತ್ರ ಕಿರ್ ಕಿರ್ ಎನ್ನುತ್ತಿತ್ತು.

ಪ್ರಾರ್ಥನೆಯ ಮನೆ

ಅವರಿಗೆ ಸ್ವಂತ ಕಟ್ಟಡವಿಲ್ಲ. ಕ್ರೈಸ್ತರ ಮಂದಿರದ ಹಿಂದಿನ ಒಂದು ಹಾಲಿನಲ್ಲಿ ಸೇರುತ್ತಾರೆ. ದೇವರ ಮನೆಯೆಂದ ಮೇಲೆ ನಾನು ಬಾಗಿಲಲ್ಲೇ ಬೂಟು ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಹೋದೆ. ನೋಡಿದರೆ ಎಲ್ಲರ ಕಾಲಲ್ಲೂ ಬೂಟು! ಅಲ್ಲಿ ಮುಚ್ಚಬೇಕಾದ್ದು ತಲೆ, ಬಿಚ್ಚಬೇಕಾದ್ದು ಏನೂ ಇಲ್ಲ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಮಿರಿಯಮ್ಮ ನನ್ನನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. "ಹತ್ತರಾಗ ನಿಮ್ಮನ್ನ ಹಿಡೀಲಿಕ್ಕೆ ಬರೂದಿಲ್ಲ, ನೀವು ನಮ್ಮ ಧರ್ಮದವರಲ್ಲ. ಆದ್ರ ನನ್ನ ಮಗ್ಗಲ ಕೂಡ್ರಲಿಕ್ಕೆ ಬರ್ತದ" ಎಂದರು. ನನಗೆ ಏನೂ ಬೇಸರವಾಗಲಿಲ್ಲ. ಒಲೆ ಅವರದು, ಲೆಕ್ಕ ಅವರದು.

ಅವರ ಗುರುಗಳು ಒಬ್ಬ ಹೆಂಗಸು. ಮೇಘಾ, ಕಾಲೇಜಿನಲ್ಲಿ ನಿನಗೆ ಪಾಠ ಹೇಳುವ ಬಾಯಿಯವರಷ್ಟು ವಯಸ್ಸಿರಬಹುದು. ಹೆಗಲ ಮೇಲೆ ಪಟ್ಟೆಯ ಶಾಲು, ಅದರ ತುದಿಗಳಲ್ಲಿ ಗಂಟು ಹಾಕಿದ ದಾರಗಳು. ಆಕೆ ಜನರನ್ನು ನೋಡುತ್ತ ಒಬ್ಬೊಬ್ಬರಿಗೆ ಒಂದೊಂದು ಶಬ್ದದಂತೆ ಏನೋ ಹೇಳಿದರು. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದಂತೆ, ಹತ್ತು ಶಬ್ದಗಳ ಒಂದು ಆಶೀರ್ವಾದದಿಂದ ಎಣಿಸುತ್ತಾರಂತೆ. ಕಾಳು ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದಿಲ್ಲವೇ, ಹಾಗೆ. ಒಂಬತ್ತು ಶಬ್ದವಾಯಿತು. ಹತ್ತನೆಯ ಶಬ್ದ ಆಕೆಯ ಬಾಯಲ್ಲೇ ಉಳಿಯಿತು. ಸಾಲ್ ಒಳಗೆ ಬಂದಿರಲಿಲ್ಲ.

ಎಲ್ಲರೂ ಕಾದರು. ಮಿರಿಯಮ್ಮ ಬಾಗಿಲ ಕಡೆ ತಿರುಗಿ ಕೂಡ ನೋಡಲಿಲ್ಲ. ಮಡಿಲಲ್ಲಿದ್ದ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ ಗೋಡೆಗೆ ನಿಂತದ್ದು ಹೀಗೆಯೇ ಇರಬೇಕು. ಕಿಟಕಿಯ ಬೆಳಕು ಕಂದುತ್ತ ಬಂತು.

ನನಗೆ ಕಾಲು ತಣ್ಣಗೆ ಕೊರೆಯುತ್ತಿತ್ತು. ಬೂಟು ಹಾಕಿಕೊಂಡು ಬರೋಣವೆಂದು ಸದ್ದಿಲ್ಲದೆ ಎದ್ದು ಹೊರಗೆ ಬಂದೆ. ನನ್ನ ಬೂಟಿನ ಪಕ್ಕದ ಬೆಂಚಿನ ಮೇಲೆಯೇ ಸಾಲ್ ಕೂತಿದ್ದರು. ಕೋಟನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬಿಚ್ಚಿ, ಮತ್ತೆ ಮಡಿಚಿದರು. ಬಡಿಗೆ ಕೆಳಗೆ ಬಿದ್ದಿತ್ತು. ಕನ್ನಡಕ ತೆಗೆದಿದ್ದರು. ಆ ಮನುಷ್ಯ ಹಟದಿಂದ ಕೂತಂತೆ ನನಗೆ ಕಾಣಲಿಲ್ಲ. ಹೆದರಿ ಕೂತಂತೆ ಕಂಡಿತು. ಅಪ್ಪನಿಗೆ ಕೊಡುವುದರಲ್ಲಿ ಎಲ್ಲಿ ತಪ್ಪಾಗುತ್ತದೋ ಎಂಬ ಹೆದರಿಕೆ. ಆ ಹೆದರಿಕೆಯ ಗುರುತು ನನಗೆ ಚೆನ್ನಾಗಿತ್ತು.

ನಾನು ಜನ್ಮದಲ್ಲಿ ಪರಗಂಡಸರಿಗೆ ಮುಂದಾಗಿ ಮಾತಾಡಿದವಳಲ್ಲ. ಆ ದಿನ ಹೇಗೆ ಬಾಯಿ ಬಂತೋ! ಬಡಿಗೆ ಎತ್ತಿ ಅವರ ಮುಂದೆ ಹಿಡಿದೆ.

"ಅಣ್ಣಾರ, ಹೊತ್ತು ಮುಳುಗ್ಲಿಕತ್ತದ. ತಂಗಿ ಒಳಗ ಕಾಯ್ಲಿಕತ್ತಾಳ. ಅಪ್ಪ ಅಕಿಗೂ ಅಪ್ಪನ ಅಲ್ಲೇನ್ರಿ? ಏಳ್ರಿ."

ಅವರಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ನನ್ನ ಮುಖ ನೋಡಿದರು. ಕಾಲುಚೀಲದ ಕಾಲು ನೋಡಿದರು. ಏನೋ ಒಂದು ಮಾತು ಹೇಳಿದರು, ಅದು ನನಗೆ ತಿಳಿಯಲಿಲ್ಲ. ಬಡಿಗೆ ಹಿಡಿದುಕೊಂಡು ಎದ್ದರು. ನಾನು ಬಾಗಿಲು ತೆರೆದು ಹಿಡಿದೆ.

ಗುರುಗಳ ಬಾಯಿಂದ ಹತ್ತನೆಯ ಶಬ್ದ ಬಂತು.

ಅಣ್ಣತಂಗಿ ಇಬ್ಬರೂ ಎದ್ದು ನಿಂತು ಹೇಳಿದರು. ಸಾಲ್ ಗಟ್ಟಿ ದನಿಯಲ್ಲಿ ಸುರು ಮಾಡಿದರು. ಎರಡು ಸಾಲು ದಾಟುವುದರಲ್ಲಿ ಅವರ ದನಿ ಒಡೆಯಿತು, ನಿಂತಿತು. ಮಿರಿಯಮ್ಮ ನಿಲ್ಲಿಸಲಿಲ್ಲ. ಅವರ ದನಿ ತೆಳ್ಳಗಿತ್ತು, ಆದರೆ ತಪ್ಪಲಿಲ್ಲ. ಐವತ್ತು ವರ್ಷ ಮನಸ್ಸಿನಲ್ಲೇ ಹೇಳಿಕೊಂಡು ಬಂದವರ ಹಾಗೆ ಹೇಳಿದರು. ಉಳಿದವರು ನಡುನಡುವೆ ಆಮೆನ್ ಎಂದರು. ಸಾಲ್ ಕೊನೆಗೆ ತಂಗಿಯ ದನಿ ಹಿಡಿದುಕೊಂಡು ಬಂದು ಕೂಡಿಕೊಂಡರು.

ನನ್ನ ಪಕ್ಕದಲ್ಲಿ ವೀಣಾ ನಿಂತಿದ್ದಳು. ಅವಳ ಕೈ ಕುರ್ಚಿಯ ಬೆನ್ನನ್ನು ಹಿಡಿದಿತ್ತು. ಅಂದು ಹೊಸ್ತಿಲಲ್ಲಿ ನಾನು ಎಳೆದದ್ದು ಅದೇ ಕೈ. ನಾನು ಅದರ ಮೇಲೆ ಕೈಯಿಟ್ಟೆ. ಅವಳು ತೆಗೆಯಲಿಲ್ಲ.

ಊಟಕ್ಕೆ ಕೂತಾಗ ಸಾಲ್ ಏನೋ ಹೇಳಿ ಎಲ್ಲರನ್ನೂ ನಗಿಸಿದರು. ಏನೆಂದು ವೀಣಾಳನ್ನು ಕೇಳಿದೆ.

"ಈ ಸೀರಿಯಾಕಿ ನನಗ ಬೈದು ಎಬ್ಬಿಸಿದ್ಲು. ಬೂಟಿಲ್ಲದ ಹೆಂಗಸಿನ ಜೋಡಿ ಯಾರು ವಾದಾ ಮಾಡ್ಬೇಕು, ಅಂತಾರ. ಅವ್ವಾ, ನೀ ಏನಂದಿ ಅವರಿಗೆ?"

ನಾನು ಹೇಳಲಿಲ್ಲ. ಕಾರಿನಲ್ಲಿ ಮನೆಗೆ ಬರುವಾಗ ಬೇರೆ ಮಾತು ಹೇಳಿದೆ. "ವೀಣಾ, ಅಪ್ಪನ ತಿಥಿ ನೀನ ಮಾಡು."

ಅವಳು ಕಾರನ್ನು ದಾರಿಯ ಬದಿಗೆ ತಂದು ನಿಲ್ಲಿಸಿದ್ದು ನನಗೆ ಆಮೇಲೆ ತಿಳಿಯಿತು. ಮೂಗು ಒರೆಸಿಕೊಂಡು ಕೇಳಿದಳು. "ಮಾಡಸವ್ರು ಯಾರು? ಇಲ್ಲಿ ಭಟ್ಟರಿಗೆ ಮೊದಲ ಕೇಳೀನಿ. ಆಗೂದಿಲ್ಲ ಅಂದ್ರು."

"ನಾ ಮಾಡಸ್ತೀನಿ" ಎಂದೆ.

ಮಿಲ್ ಕ್ರೀಕ್: ದ್ವಾದಶಿ

ಹೇಳಿದ್ದೇನೋ ಹೇಳಿದೆ, ಆಮೇಲೆ ಹೆದರಿಕೆಯಾಯಿತು. ಆದರೆ ನೋಡಿ, ಮಾವನವರ ತಿಥಿ, ಅವರ ತಂದೆಯ ತಿಥಿ ಎಂದು ನಲವತ್ತು ವರ್ಷ ನಾನು ಒಲೆಯ ಮುಂದೆ ಕೂತು ಅಡಿಗೆ ಮಾಡಿದವಳು. ಪಡಸಾಲೆಯಲ್ಲಿ ಭಟ್ಟರು ಹೇಳಿದ್ದೆಲ್ಲ ಗೋಡೆಯಾಚೆಯಿಂದ ಕಿವಿಗೆ ಬಿದ್ದೇ ಇದೆ. ಎಲ್ಲಾ ಮಂತ್ರ ಬಾರದು. ಹೆಸರು, ಗೋತ್ರ, ಯಾವಾಗ ಎಳ್ಳು, ಯಾವಾಗ ನೀರು, ಇದು ಬರುತ್ತದೆ. ಅಷ್ಟು ಸಾಕೆಂದು ತೀರ್ಮಾನಿಸಿದೆ.

ರಾಘುವಿಗೆ ಫೋನು ಮಾಡಿ ಹೇಳಿದೆ. "ಕಾಕೂ, ಶಾಸ್ತ್ರದಾಗ ಬರೂದಿಲ್ಲ. ನಾಕು ಮಂದಿ ನಗ್ತಾರ" ಎಂದ.

"ನಗ್ಲಿ ಬಿಡಪಾ. ನೀ ಮೂರು ವರ್ಷ ನನ್ನ ಸಲುವಾಗಿ ಮಾಡೀದಿ, ಅದನ್ನ ಮರಿಯೂದಿಲ್ಲ. ಈಗ ಕಾಲು ಜೋಪಾನ ಮಾಡ್ಕೋ" ಎಂದೆ.

ದ್ವಾದಶಿಯ ದಿನ ಗಿರೀಶ ನಡುಮನೆಯ ಸೋಫಾ ಸರಿಸಿ ನೆಲ ಒರೆಸಿಕೊಟ್ಟ. "ಅತ್ತೆ, ದರ್ಭೆ ಎಲ್ಲೂ ಸಿಗ್ಲಿಲ್ಲ" ಎಂದು ಪೆಚ್ಚಾಗಿ ನಿಂತ. ತಾರಾ, ನಿನಗೆ ನೆನಪಿದೆಯೇ? ಹಿತ್ತಲಿನಿಂದ ಒಂದು ಹಿಡಿ ಹಸಿರು ಹುಲ್ಲು ಕಿತ್ತು ತಂದವಳು ನೀನು. ನಾನು ಅದನ್ನೇ ಇಟ್ಟೆ. ಮಿರಿಯಮ್ಮನೂ ಬಂದರು. ಈ ಸಲ ಬಾಗಿಲಲ್ಲಿ ಬೂಟು ಬಿಚ್ಚಿದವರು ಅವರು. ಗೋಡೆಗೆ ಒರಗಿ ಕೂತರು, ಹೆಣಿಕೆಯ ಚೀಲ ತೆರೆಯಲಿಲ್ಲ.

ವೀಣಾ ದಕ್ಷಿಣಕ್ಕೆ ಮುಖ ಮಾಡಿ ಕೂತಳು. ಎಳ್ಳು ನೀರು ಕೈಗೆ ಹಾಕಿದೆ. ಈಗ ನಾನು ಹೆಸರು ಹೇಳಬೇಕು, ಅವಳು ನನ್ನ ಹಿಂದೆ ಹೇಳಬೇಕು. ವೀಣಾಳ ಮುತ್ತಜ್ಜನ ಹೆಸರು ಹೇಳಿದೆ, ಅವಳ ಅಜ್ಜನ ಹೆಸರು ಹೇಳಿದೆ. ಅಲ್ಲಿಗೆ ನಿಂತುಬಿಟ್ಟೆ.

ಮಕ್ಕಳೇ, ನಲವತ್ತೊಂದು ವರ್ಷದ ಸಂಸಾರದಲ್ಲಿ ನಾನು ನಿಮ್ಮ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯ ದಿನ ಎಲ್ಲರೂ ಸುತ್ತುಗಟ್ಟಿದಾಗ ಒಡಪಿನ ಪದ್ಯದಲ್ಲಿ ಕಟ್ಟಿ ಒಮ್ಮೆ ಹೇಳಿದ್ದೆ, ಅಷ್ಟೇ. ರೇಷನ್ ಅಂಗಡಿಯವನು ಕೇಳಿದರೂ ವೀಣಾಳನ್ನೋ ಶೈಲಾಳನ್ನೋ ಮುಂದೆ ತಳ್ಳಿ, "ನೀ ಹೇಳವಾ" ಎನ್ನುತ್ತಿದ್ದೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅನ್ನುತ್ತಿದ್ದರು. ಆಯುಷ್ಯವೇ ಮುಗಿದ ಮೇಲೂ ನಾಲಿಗೆ ಏಳಲಿಲ್ಲ. ವೀಣಾ ಬೊಗಸೆಯಲ್ಲಿ ನೀರು ಹಿಡಿದೇ ಕೂತಿದ್ದಳು. ಅವಳಿಗೆ ಹೆಸರು ಗೊತ್ತೇ ಇತ್ತು, ತಾನೇ ಹೇಳಬಹುದಿತ್ತು. ಹೇಳಲಿಲ್ಲ. ನನಗಾಗಿ ಕಾದಳು.

"ರಾಮಚಂದ್ರ" ಎಂದೆ.

"ರಾಮಚಂದ್ರ" ಎಂದಳು. ನೀರು ಬಿಟ್ಟಳು.

ಆಮೇಲೆ ಊಟಕ್ಕೆ ಕೂತಾಗ ಅವಳು ಅಪ್ಪನ ಮಾತು ಸುರು ಮಾಡಿದಳು. ಕರುವಿಗೆ ಸೂಜಿ ಚುಚ್ಚಲು ಅಪ್ಪ ತನ್ನ ಕೈ ಹಿಡಿದು ಕಲಿಸಿದ್ದು, ಎಮ್ಮೆ ಒದ್ದು ಇಬ್ಬರೂ ಗೊಬ್ಬರದಲ್ಲಿ ಬಿದ್ದದ್ದು, ಅವ್ವನಿಗೆ ಹೇಳಬೇಡವೆಂದು ಪೆಪ್ಪರಮೆಂಟು ಕೊಡಿಸಿದ್ದು. ನನಗೆ ಗೊತ್ತಿಲ್ಲದ ಸಂಗತಿಗಳೇ ಎಷ್ಟೋ ಇದ್ದವು. ಮಿರಿಯಮ್ಮನಿಗೆ ಒಂದೂ ತಿಳಿಯದಿದ್ದರೂ ನಾವು ನಕ್ಕಲ್ಲೆಲ್ಲ ನಕ್ಕರು. ಹೊತ್ತು ಇಳಿಯುವ ತನಕ ವೀಣಾ ಹೇಳುತ್ತಲೇ ಇದ್ದಳು.

ಇಷ್ಟೇ ನನ್ನ ಪ್ರವಾಸ. ಈಗ ಒಂದು ಕೆಲಸ ಹೇಳುತ್ತೇನೆ. ಮುಂದೊಂದು ದಿನ ನನ್ನನ್ನೂ ಹೊರಗೆ ತರುತ್ತಾರೆ. ಆಗ ನಿಮ್ಮ ತಾಯಂದಿರು ಬೆಂಕಿ ಹಿಡಿಯಲು ಮುಂದೆ ಬಂದರೆ, ನನ್ನಂಥವಳೇ ಯಾರಾದರೂ ಹೆದರಿ ಅವರ ಕೈ ಹಿಡಿದು ಎಳೆಯಬಹುದು. ಹಾಗೆ ಎಳೆದವರ ಮೇಲೆ ಸಿಟ್ಟಾಗಬೇಡಿ. ಈ ಹಾಳೆಗಳನ್ನು ತೋರಿಸಿ, ಸುಭದ್ರಾಬಾಯಿ ತಾನೇ ಬರೆದಿಟ್ಟಿದ್ದಾಳೆಂದು ಹೇಳಿ. ಅದಕ್ಕೇ ಇವನ್ನು ಒದ್ದೆಯಾಗದ ಕಡೆ, ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಡಬೇಕು. ಮೇಘಾ, ಒಂದು ಪ್ರತಿ ಮಾಡಿ ತಾರಾಳಿಗೂ ಕಳಿಸು. ಕೊನೆಯ ಹಾಳೆಯಲ್ಲಿ ಹೇಳಬೇಕಾದ ಹೆಸರುಗಳನ್ನೆಲ್ಲ ಬರೆದಿದ್ದೇನೆ. ಅಜ್ಜಂದಿರ ಹೆಸರಿನ ಎದುರಿಗೆ ಅಜ್ಜಿಯಂದಿರ ಹೆಸರೂ ಇವೆ, ಒಬ್ಬೊಬ್ಬರ ತಿಥಿಯೂ ಇದೆ. ಎಲ್ಲಕ್ಕಿಂತ ಕೆಳಗೆ ನನ್ನ ಹೆಸರು ಬರೆದು, ಅದರ ಮುಂದೆ ತಿಥಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬುವವರು ನೀವಿಬ್ಬರು.